ಚೆಂಡು ಕೊಡದವನ ದಿಗ್ವಿಜಯ

ಈ ದೇಶದಲ್ಲಿ ಬೇಸ್‌ಬಾಲ್ ಆಡುವ ದೊಡ್ಡ ಮೈದಾನಗಳು ಎಷ್ಟಿವೆಯೋ ಅಷ್ಟನ್ನೂ ನನ್ನ ಲಟಾರಿ ಟ್ರಕ್ಕಿನಲ್ಲೇ ಸುತ್ತುತ್ತೇನೆ, ಆಟದ ಚೆಂಡೊಂದನ್ನು ಈ ಎರಡು ಕೈಗಳಿಂದಲೇ ಹಿಡಿಯುತ್ತೇನೆ, ಹಿಡಿದ ಮೇಲೆ ಅದನ್ನು ಯಾವನಪ್ಪನಿಗೂ ಕೊಡುವುದಿಲ್ಲ! ಹೀಗೆಂದು ನಾನು ಶಪಥ ಮಾಡಿದ್ದು ಪ್ಯೊ ಅಣ್ಣನ ಹಂದಿಸಾರಿನ ಹೋಟೆಲಿನಲ್ಲಿ, ಮೇಜು ಗುದ್ದಿ. ಗುದ್ದಿದ ರಭಸಕ್ಕೆ ಪಕ್ಕದ ಗಿರಾಕಿಯ ಮೂಲಂಗಿ ಕಿಮ್ಚಿ ತಟ್ಟೆಯಿಂದ ಎದ್ದು ಅವನ ಮಡಿಲಲ್ಲಿ ಕೂತಿತು. ಶಪಥ ಅಂದರೆ ಹಾಗಿರಬೇಕು!

ನನ್ನ ಹೆಸರು ಕ್ವಾಕ್ ದುಚಿಲ್. ಬುಸಾನಿನ ಯೊಂಗ್ದೊ ದ್ವೀಪದಲ್ಲಿ ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುತ್ತೇನೆ. ಓದಿದ್ದು ಕಡಿಮೆ, ಸಿಟ್ಟು ಜಾಸ್ತಿ. ಎರಡಕ್ಕೂ ನಾನು ನಾಚಿಕೊಂಡವನಲ್ಲ.

ಇಷ್ಟಕ್ಕೆಲ್ಲ ಕಾರಣ ಪ್ಯೊ ಅಣ್ಣನ ಚೆಂಡು. ಅದು ಅವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಗಾಜಿನ ಡಬ್ಬಿಯೊಳಗೆ ಮಹಾರಾಜನ ಹಾಗೆ ವಿರಾಜಮಾನವಾಗಿದೆ. ಹಿಂದೆ ಯಾವಾಗಲೋ ಬ್ಯಾಟಿಗೆ ಓರೆಯಾಗಿ ತಗುಲಿ, ಆಡುವವರನ್ನು ಬಿಟ್ಟು ನೋಡುವವರ ನಡುವೆ ಬಂದು ಬಿದ್ದ ಚೆಂಡು. ಬೇಸ್‌ಬಾಲಿನಲ್ಲಿ ಹಾಗೆ ಬಂದದ್ದು ಹಿಡಿದವನಿಗೇ ಸೇರಿದ್ದು, ಯಾರೂ ವಾಪಸ್ ಕೇಳುವುದಿಲ್ಲ. ಅಣ್ಣ ದಿನಾ ಬೆಳಗ್ಗೆ ಆ ಡಬ್ಬಿ ಒರೆಸುತ್ತಾನೆ. ಮದುವೆಯ ದಿನ ಹೆಂಡತಿಯ ಮುಖವನ್ನೂ ಅವನು ಅಷ್ಟು ಪ್ರೀತಿಯಿಂದ ನೋಡಿರಲಿಕ್ಕಿಲ್ಲ.

ಅವತ್ತೂ ಒರೆಸುತ್ತಾ ಕೆಣಕಿದ: "ಏನೋ ದುಚಿಲ್, ಹುಟ್ಟಿದಾಗಿಂದ ಆಟ ನೋಡ್ತೀಯ. ಸಿಕ್ಕಿದ್ದೇನು? ಬರೀ ಗಂಟಲು ನೋವು!"

"ಬುಸಾನಲ್ಲಿ ಹಿಡಿದು ಏನು ಮಾಡ್ಲಿ ಅಣ್ಣ? ಇಟ್ಕೊಳ್ಳೋಕೆ ಬಿಡ್ತಾರಾ ಜನ?"

ಬಿಡುವುದಿಲ್ಲ. ನಮ್ಮ ಬುಸಾನಿನವರದ್ದೊಂದು ಪದ್ಧತಿ ಇದೆ, ಅಣ್ಣ ಚೆಂಡು ಹಿಡಿದ ಕಾಲಕ್ಕೆ ಇರಲಿಲ್ಲ. ದೊಡ್ಡವರು ಯಾರಾದರೂ ಚೆಂಡು ಹಿಡಿದರೋ, ಇಡೀ ಮೈದಾನ ಒಂದೇ ಗಂಟಲಾಗಿ ಕೂಗುತ್ತದೆ: "ಮಗೀಗ್ ಕೊಡೋ! ಮಗೀಗ್ ಕೊಡೋ!" ಹತ್ತಿರದ ಯಾವುದಾದರೂ ಮಗುವಿನ ಕೈಗೆ ಚೆಂಡು ಸೇರುವ ತನಕ ಆ ಕೂಗು ನಿಲ್ಲದು. ಮಂತ್ರಿಯಾದರೂ ಕೊಡಬೇಕು, ರೌಡಿಯಾದರೂ ಕೊಡಬೇಕು. ಆ ಗದ್ದಲದಲ್ಲಿ ಎಲ್ಲರಿಗಿಂತ ದೊಡ್ಡ ದನಿ ಯಾರದ್ದು ಅಂತೀರಿ? ನನ್ನದೇ! ಒಮ್ಮೆ ನನ್ನ ಕೂಗಿಗೆ ಹೆದರಿದ ಒಬ್ಬ ದಢೂತಿ ಗಂಡಸು ಚೆಂಡಿನ ಜೊತೆಗೆ ತನ್ನ ಕರಿದ ಕೋಳಿಯ ಪೊಟ್ಟಣವನ್ನೂ ಮಗುವಿಗೆ ಒಪ್ಪಿಸಿಬಿಟ್ಟಿದ್ದ.

"ಅದಕ್ಕೇ ಹೊರಗಿನ ಊರಿಗೆ ಹೋಗ್ತೀನಿ ಅಣ್ಣ. ಅಲ್ಲಿ ಈ ಕಾಟ ಇಲ್ಲ. ಹಿಡಿದೋನೇ ಒಡೆಯ!"

"ಹೋಗಿ ಅಂಗಡಿಲೊಂದು ಕೊಂಡ್ಕೊಂಡು ಬಂದು, ಹಿಡ್ದೆ ಅಂತ ಬುರುಡೆ ಬಿಡ್ತೀಯ. ಸಾಕ್ಷಿಗೆ ನಾನೂ ಬರ್ತೀನಿ!" ಎಂದು ಅಣ್ಣ ಹೋಟೆಲಿಗೆ ಬೀಗ ಜಡಿದೇ ಬಿಟ್ಟ.

ಮನೆಗೆ ಬಂದು ಹೆಂಡತಿ ಮಾಲ್ಸುನ್‌ಗೆ ವಿಷಯ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಬೋರಂ ಅಪ್ಪ, ಬೋರಂ ಹುಟ್ಟೋಕೆ ಮುಂಚಿಂದ ಜೇಜು ದ್ವೀಪ ತೋರಿಸ್ತೀನಿ ಅಂತಿದ್ರಿ. ಈಗ ಬೋರಂಗೇ ಮದುವೆ ಆಯ್ತು. ಜೇಜು ಇನ್ನೂ ಅಲ್ಲೇ ಇದೆ, ನಾನೂ ಇಲ್ಲೇ ಇದ್ದೀನಿ. ಚೆಂಡಿಗೋಸ್ಕರ ಮಾತ್ರ ದೇಶ ಸುತ್ತೋಕೆ ಪುರುಸೊತ್ತು ಬಂತಾ?"

"ನೀನೂ ಬಾರೇ!"

"ಬರ್ದೆ ಏನು? ನೀವಿಬ್ರೇ ಹೋದ್ರೆ, ಪೊಲೀಸ್ ಸ್ಟೇಷನ್ನಿಂದ ಬಿಡಿಸ್ಕೊಂಡು ಬರೋಕೆ ಹೇಗೂ ನಾನೇ ಬರಬೇಕಲ್ಲ!"

ಹೀಗೆ ದಿಗ್ವಿಜಯ ಹೊರಟಿತು. ಟ್ರಕ್ಕಿನಲ್ಲಿ ಮುಂದಿನ ಸೀಟು ಒಂದೇ. ಎಡಕ್ಕೆ ನಾನು, ಬಲಕ್ಕೆ ಅಣ್ಣ, ನಡುವೆ ಅನ್ನದ ಸುರುಳಿ ಕಿಂಬಾಪ್ ತುಂಬಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಮಾಲ್ಸುನ್. ನಾನು ಗೇರು ಬದಲಾಯಿಸಿದಾಗಲೆಲ್ಲ ಅವಳ ಮಂಡಿಗೆ ಪೆಟ್ಟು, ಪೆಟ್ಟು ಬಿದ್ದಾಗಲೆಲ್ಲ ನನ್ನ ವಂಶಕ್ಕೆ ಬೈಗುಳ. ಹೆದ್ದಾರಿಯುದ್ದಕ್ಕೂ ನನ್ನ ಮುತ್ತಾತಂದಿರು ಯಾರೂ ನೆಮ್ಮದಿಯಾಗಿ ಮಲಗಲಿಲ್ಲ.

ನನ್ನ ಯುದ್ಧತಂತ್ರ ಸರಳ. ನಮ್ಮ ತಂಡ ಯಾವ ಊರಿಗೆ ಆಡಲು ಹೋಗುತ್ತದೋ ಆ ಊರಿಗೆ ಹೋಗುವುದು. ಆದರೆ ನಮ್ಮವರ ಕಡೆ ತಪ್ಪಿಯೂ ಕೂರುವಂತಿಲ್ಲ. ಆ ಊರಿನವರ ನಡುವೆ, ಯಾವ ತಂಡದ ಬಣ್ಣವೂ ಇಲ್ಲದ ಟೋಪಿ ಹಾಕಿಕೊಂಡು, ಬಾಯಿ ಹೊಲಿದುಕೊಂಡು ಕೂರಬೇಕು.

ಮೊದಲು ದೇಗು. ಬಾಯಿ ಹೊಲಿದುಕೊಂಡೇ ಇದ್ದೆ. ಅಷ್ಟರಲ್ಲಿ ನಮ್ಮ ತಂಡದವನೊಬ್ಬ ಬೀಸಿದ ಹೊಡೆತಕ್ಕೆ ಚೆಂಡು ದೂರದ ಗೋಡೆ ದಾಟಿ ಹೋಯಿತು ನೋಡಿ, ಹೊಲಿಗೆ ಪಟಪಟ ಕಿತ್ತುಹೋಯಿತು! ಕುರ್ಚಿಯಿಂದ ನೆಗೆದು "ಹೋಯ್!" ಎಂದು ಕಿರುಚಿದೆ. ಸುತ್ತಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು.

"ಯಾವೂರಪ್ಪಾ ನಿಮ್ದು?" ಪಕ್ಕದವನ ಕಣ್ಣು ಕೆಂಪಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮಾಲ್ಸುನ್, "ಹೊಟ್ಟೆಶೂಲೆ ಅವರಿಗೆ. ಬಂದಾಗ ಹೀಗೇ ಎದ್ದು ಕೂಗ್ತಾರೆ, ಪಾಪ" ಎಂದಳು. ಆ ಪುಣ್ಯಾತ್ಮ ಕರಗಿ ಹೋಗಿ ಎರಡು ಜೀರ್ಣದ ಮಾತ್ರೆ ಕೊಟ್ಟ. ಅವನೆದುರೇ ನುಂಗಬೇಕಾಯಿತು!

ಮುಂದೆ ಗ್ವಾಂಗ್ಜು. ಅಲ್ಲಿ ಚೆಂಡು ಬಂತು ಸ್ವಾಮೀ, ನನ್ನನ್ನೇ ಹುಡುಕಿಕೊಂಡು ಬಂತು! ಆದರೆ ನನ್ನ ಒಂದು ಕೈಯಲ್ಲಿ ಐಸ್ ಕಾಫಿ, ಇನ್ನೊಂದರಲ್ಲಿ ಕೋಳಿಕಾಲು. ಯಾವುದನ್ನು ಬಿಡಲಿ ಎಂದು ಯೋಚಿಸುವುದರೊಳಗೆ ಚೆಂಡು ಕೋಳಿಕಾಲಿಗೇ ಬಡಿದು, ಎರಡೂ ಹಿಂದಿನ ಸಾಲಿಗೆ ಹಾರಿದವು. ಅಲ್ಲಿ ಕೂತಿದ್ದ ಸಭ್ಯ ಮನುಷ್ಯ ಚೆಂಡನ್ನು ಜೇಬಿಗೆ ಹಾಕಿಕೊಂಡು, ಕೋಳಿಕಾಲನ್ನು ಕರವಸ್ತ್ರದಲ್ಲಿ ಹಿಡಿದು ತಲೆಬಾಗಿ ನನಗೆ ಒಪ್ಪಿಸಿದ. "ಇದು ತಮ್ಮದಲ್ವೇ?"

"ಬ್ಯಾಟು ಮಾಡಿದ್ದು ಕೋಳಿ, ಲೆಕ್ಕಕ್ಕೆ ಬರಲ್ಲ!" ಎಂದು ಪ್ಯೊ ಅಣ್ಣ ಬಿದ್ದು ಬಿದ್ದು ನಕ್ಕ. ದೇಜನ್‌ನಲ್ಲಿ ಮಳೆ, ಆಟವೇ ಇಲ್ಲ. ಸುವನ್‌ನಲ್ಲಿ ಚೆಂಡುಗಳು ಎಲ್ಲ ಕಡೆ ಬಿದ್ದವು, ನಾನಿದ್ದ ಕಡೆ ಬಿಟ್ಟು. ನಾನು ಕುರ್ಚಿ ಬದಲಾಯಿಸಿದರೆ ಬಿಟ್ಟು ಬಂದ ಕುರ್ಚಿಗೇ ಬೀಳುವುದು!

ಇಂಚನ್ ಮೈದಾನದ ಬಾಗಿಲಲ್ಲಿ ಮಾಲ್ಸುನ್ ದಂಗೆ ಎದ್ದಳು.

"ರೀ, ಬಾಯಿ ಮುಚ್ಕೊಂಡು ಆಟ ನೋಡೋದೂ ಒಂದೇ, ಉಪ್ಪಿಲ್ಲದ ಸಾರು ಕುಡಿಯೋದೂ ಒಂದೇ. ಇವತ್ತು ನಾನು ನಮ್ಮೋರ ಜೊತೆ ಕೂತು ಕೂಗಬೇಕು. ನೀವು ಬೇಕಾದ್ರೆ ಆ ಕಡೆ ಹೋಗಿ ಮೂಗರ ಹಾಗೆ ಕೂತಿರಿ."

ನಿಜ ಹೇಳುತ್ತೇನೆ, ನನ್ನ ಗಂಟಲೂ ತುರಿಸುತ್ತಿತ್ತು. ಆ ಕಡೆಯಿಂದ ನಮ್ಮ ಹಾಡು ಬೇರೆ ಕೇಳಿಬರುತ್ತಿತ್ತು. ಕಾಲು ತಾವಾಗಿಯೇ ತಿರುಗಿದವು. ಎಡವಟ್ಟಾದದ್ದು ಅಲ್ಲೇ! ಊರು ಬೇರೆಯಾದರೇನು, ನಾನು ಹೋಗಿ ಕೂತದ್ದು ಮತ್ತೆ ಬುಸಾನಿನವರ ಹೊಟ್ಟೆಯೊಳಗೇ. ಸುತ್ತಮುತ್ತ ಎಲ್ಲರೂ ನಮ್ಮೂರ ರೂಢಿಯಂತೆ ಕಸ ತುಂಬುವ ಕಿತ್ತಳೆ ಬಣ್ಣದ ಚೀಲಕ್ಕೆ ಗಾಳಿ ತುಂಬಿ ತಲೆಗೆ ಕಟ್ಟಿಕೊಂಡವರೇ. ನಾನೂ ಒಂದು ಕಟ್ಟಿಕೊಂಡೆ. ಮನೆಗೆ ಬಂದ ಹಾಗಾಯಿತು. ಮೂರು ಊರಿನ ಬಾಕಿಯನ್ನೆಲ್ಲ ಒಟ್ಟಿಗೆ ಕೂಗಿದೆ.

ಆಗ ಬಂತು ಚೆಂಡು.

ಬ್ಯಾಟಿನ ಅಂಚಿಗೆ ಟಕ್ ಎಂದು ತಗುಲಿ, ಮೋಡಕ್ಕೆ ಮುತ್ತಿಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಕರಗಿ ಮಾಯವಾಗಿ, ಮತ್ತೆ ಕಾಣಿಸಿಕೊಂಡು ನೇರ ನನ್ನ ಮೂಗಿನ ಮೇಲೆ ಇಳಿಯತೊಡಗಿತು. ನನ್ನ ಕೈಯಲ್ಲಿ ಕಾಫಿಯಿಲ್ಲ, ಕೋಳಿಯಿಲ್ಲ. ಎರಡೂ ಅಂಗೈ ಚಾಚಿದೆ. ಫಟ್! ಬಿಸಿ ಇಂಜಿನ್ ಹಿಡಿದು ದಡ್ಡುಗಟ್ಟಿದ ಕೈಗೂ ಉರಿ ಹತ್ತಿತು. ಬಿಡಲಿಲ್ಲ. ಚೆಂಡು ನನ್ನದು! ಕೆಂಪು ಹೊಲಿಗೆಯ, ಮಣ್ಣಿನ ಕಲೆಯ, ನನ್ನ ಚೆಂಡು!

ಆ ಸುಖ ಒಂದು ಉಸಿರಿನಷ್ಟು ಹೊತ್ತು. ನನ್ನ ಬಲಗಿವಿಯ ಪಕ್ಕದಲ್ಲೇ ಯಾರೋ ಕಿರುಚಿದರು: "ಮಗೀಗ್ ಕೊಡೋ!"

ಯಾರು? ಪ್ಯೊ ಅಣ್ಣ! ನನ್ನ ಟ್ರಕ್ಕಿನಲ್ಲಿ ಬಂದು, ನನ್ನ ಹೆಂಡತಿ ಸುತ್ತಿದ ಕಿಂಬಾಪ್ ತಿಂದು, ನನ್ನ ಪಕ್ಕದಲ್ಲೇ ಕೂತ ದ್ರೋಹಿ! ಅಷ್ಟು ಸಾಕಾಯಿತು. ಕಿತ್ತಳೆ ಚೀಲಗಳೆಲ್ಲ ಒಮ್ಮೆಲೇ ನನ್ನ ಕಡೆ ಹೊರಳಿದವು. "ಮಗೀಗ್ ಕೊಡೋ! ಮಗೀಗ್ ಕೊಡೋ!" ಎಡಗಡೆಯಿಂದಲೂ ಒಂದು ಹೆಣ್ಣುದನಿ ಸೇರಿಕೊಂಡಿತು. ತಿರುಗಿ ನೋಡಿದರೆ ಮಾಲ್ಸುನ್!

"ನೀನೂನಾ?"

"ಅಭ್ಯಾಸ ರೀ! ಬಾಯಿ ತಾನೇ ತೆರ್ಕೊಳ್ತು!"

ನಾನು ಕುರ್ಚಿ ಹತ್ತಿ ನಿಂತೆ. "ಕೊಡಲ್ಲ! ಕೊಡಲ್ಲ ಅಂದ್ರೆ ಕೊಡಲ್ಲ! ಏನು ಮಾಡ್ತೀರೋ ಮಾಡ್ಕೊಳ್ರಿ!"

ಎದುರಿನ ದೊಡ್ಡ ಪರದೆಯ ಮೇಲೆ ಮನೆಯಷ್ಟು ದೊಡ್ಡದಾಗಿ ನನ್ನ ಮುಖ ಬಂತು. ಆಗ ಇಂಚನ್ ಊರಿನವರೂ ಕೂಗಲು ಶುರುಮಾಡಿದರು. ನಾನು ಯಾವ ಪದ್ಧತಿಯಿಂದ ತಪ್ಪಿಸಿಕೊಂಡು ಅಷ್ಟು ದೂರ ಬಂದಿದ್ದೆನೋ ಅದನ್ನು ಪಾಪದ ಅವರಿಗೂ ಕಲಿಸಿಬಿಟ್ಟ ಕೀರ್ತಿ ನನ್ನದಾಯಿತು! ಕುರುಚಲು ಗಡ್ಡದ ಕಾಲೇಜು ಹುಡುಗನೊಬ್ಬ "ನಾನೇ ಮಗು ಅಂಕಲ್, ಕೊಡಿ" ಎಂದು ಕೈಚಾಚಿದ. "ಮೊದಲು ಹೋಗಿ ಕ್ಷೌರ ಮಾಡಿಸ್ಕೊಳ್ಳೋ ಮಗುವೇ!" ಎಂದು ಗದರಿಸಿ ಕೂರಿಸಿದೆ.

ಅಷ್ಟರಲ್ಲಿ ಜನರೇ ಒಂದು ಪುಟ್ಟ ಹುಡುಗಿಯನ್ನು ಕೈಯಿಂದ ಕೈಗೆ ದಾಟಿಸಿ ನನ್ನ ಮುಂದೆ ತಂದು ನಿಲ್ಲಿಸಿದರು. ಅವಳು ಐಸ್ ಕ್ಯಾಂಡಿ ಚೀಪುತ್ತಾ ಚೆಂಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನಂಗೆ ಬೇಡ ಅಜ್ಜ."

ಅಜ್ಜ! ಅದನ್ನೂ ನುಂಗಿಕೊಂಡೆ. "ಯಾಕಮ್ಮ?"

"ನಮ್ಮನೇಲಿ ಎರಡಿದೆ. ಒಂದು ನಾಯಿಗೆ ಕೊಟ್ಟಿದೀವಿ, ಕಚ್ಚೋಕೆ."

ನನ್ನ ನೆತ್ತಿಯ ಮೇಲಿನ ಚೀಲ ಸಿಡಿಯುವುದೊಂದು ಬಾಕಿ!

"ಕೇಳಿದ್ರೇನ್ರೋ? ನಾಯಿಗೆ ಚೆಂಡಿದೆ! ಕ್ವಾಕ್ ದುಚಿಲ್‌ಗೆ ಇಲ್ಲ! ನಾನು ಹುಡುಗನಾಗಿದ್ದಾಗ ಬೇಲಿ ಹಾರಿ ಆಟ ನೋಡ್ತಿದ್ದೆ. ಒಂದ್ಸಲ ಚೆಂಡು ನನ್ನ ಕಾಲ ಮೇಲೇ ಬಿತ್ತು. ಯಾವನೋ ದೊಡ್ಡೋನು ಮೊಣಕೈಲಿ ತಿವಿದು ಕಿತ್ಕೊಂಡು ಹೋದ. ಆಗ ಯಾರಾದ್ರೂ ಮಗೀಗ್ ಕೊಡೋ ಅಂದ್ರಾ? ದೊಡ್ಡೋರಿಗೆ ಮೊದಲು ಅಂದ್ರು! ಸರಿ ಅಂತ ದೊಡ್ಡೋನಾದೆ. ಸ್ಕೂಲು ಬಿಟ್ಟು ದೋಣಿ ತಳದಲ್ಲಿ ಎಣ್ಣೆ ಬಳಿದು ಬಳಿದು ದೊಡ್ಡೋನಾದೆ. ಆದ ಮೇಲೆ ಏನಂತೀರಿ? ಚಿಕ್ಕೋರಿಗೆ ಮೊದಲು! ಹಾಗಾದ್ರೆ ನನ್ನ ಸರದಿ ಯಾವಾಗ್ರೋ? ಹೇಳ್ರೋ!"

ಕೂಗು ಪಕ್ಕನೆ ನಿಂತಿತು. ನನ್ನ ದನಿ ಕೊನೆಗೆ ಸ್ವಲ್ಪ ಒಡೆಯಿತು, ಅದು ಧೂಳಿಗೆ. ಅಲ್ಲಲ್ಲಿ ನನ್ನ ವಯಸ್ಸಿನ ಬೋಳುತಲೆಗಳು ಕಿತ್ತಳೆ ಚೀಲದ ಅಂಚಿನಿಂದ ಕಣ್ಣೊರೆಸಿಕೊಂಡವು. ಅವರಿಗೂ ಧೂಳು ಬಿದ್ದಿರಬೇಕು. ಪ್ಯೊ ಅಣ್ಣ ಮಾತ್ರ ತಲೆ ತಗ್ಗಿಸಿಕೊಂಡು ತನ್ನ ಮೊಣಕೈ ಉಜ್ಜಿಕೊಳ್ಳುತ್ತಿದ್ದ. ಯಾಕೆ ಅಂತ ನನಗೆ ಇವತ್ತಿಗೂ ಅನುಮಾನ.

ಮುಂದಿನ ಸಾಲಿನಲ್ಲಿ ಒಣಗಿಸಿದ ಸ್ಕ್ವಿಡ್ ಮೀನು ಜಗಿಯುತ್ತಿದ್ದ ಒಬ್ಬ ಹಣ್ಣು ಹಣ್ಣು ಮುದುಕಿ ಮೆಲ್ಲಗೆ ತಿರುಗಿದಳು.

"ಲೋ, ಎಷ್ಟೋ ನಿನ್ನ ವಯಸ್ಸು?"

"ಐವತ್ನಾಲ್ಕು ಅಜ್ಜಿ."

"ನನ್ನ ಕಿರೀ ಮಗನಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕೋನು. ಇನ್ನೂ ಹಾಲುಗಲ್ಲ!" ಎಂದವಳೇ ಕೋಲೂರಿ ಎದ್ದು, ಸ್ಕ್ವಿಡ್ಡನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಗುಡುಗಿದಳು: "ಬಾಯಿ ಮುಚ್ರೋ ಎಲ್ಲಾ! ಮಗೀಗ್ ಕೊಟ್ಟಾಯ್ತು! ಇದೇ ಆ ಮಗು!"

ಮೈದಾನ ಬಿರಿಯಿತು! ನಗೆ, ಚಪ್ಪಾಳೆ, ಡೋಲು! ದೊಡ್ಡ ಪರದೆಯಲ್ಲಿ ನನ್ನ ಮುಖದ ಕೆಳಗೆ "ಇವತ್ತಿನ ಮಗು" ಎಂದು ಬರೆದರು. ಬರೆದುಕೊಳ್ಳಲಿ! ಚೆಂಡು ಕೊಡದೆ ಗೆದ್ದ ಬುಸಾನಿನ ಮೊದಲ ಗಂಡಸು ನಾನು. ಚೆಂಡನ್ನು ತಲೆಯ ಮೇಲೆತ್ತಿ ನಾಲ್ಕೂ ದಿಕ್ಕಿಗೆ ತೋರಿಸಿದೆ.

"ನೋಡಿದ್ಯಾ ಅಣ್ಣ? ಇಡೀ ಮೈದಾನದ ಒಪ್ಪಿಗೆ ಮೇಲೆ ನನ್ನದು! ಈಗೇನಂತೀಯ?"

"ಹೂಂ ಕಣೋ ಪುಟ್ಟ" ಎಂದ ಅಣ್ಣ.

ಗೆದ್ದವನಿಗೆ ಬಾಯಾರಿಕೆ ಆಗುವುದಿಲ್ಲವೇ? ಬೆನ್ನಿಗೆ ಬಿಯರಿನ ಪೀಪಾಯಿ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದವನನ್ನು ಗತ್ತಿನಿಂದ ಕರೆದೆ. "ಏ, ಬಾರಯ್ಯ ಇಲ್ಲಿ! ದೊಡ್ಡ ಲೋಟ! ನೊರೆ ಉಕ್ಕೋ ಹಾಗೆ ತುಂಬ್ಸು!"

ಅವನು ಲೋಟಕ್ಕೆ ನಳಿಗೆ ಇಟ್ಟಿದ್ದನಷ್ಟೇ. ಪ್ಯೊ ಅಣ್ಣ ಎದ್ದು ನಿಂತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದ.

"ಮಗೀಗ್ ಕೊಡಬೇಡ್ವೋ!"

ಹಿಂದೆಯೇ ಇಡೀ ಮೈದಾನ: "ಮಗೀಗ್ ಕೊಡಬೇಡ್ವೋ! ಮಗೀಗ್ ಕೊಡಬೇಡ್ವೋ!"

ಬಿಯರಿನವನು ಪರದೆ ನೋಡಿದ. ನನ್ನನ್ನು ನೋಡಿದ. ನಳಿಗೆ ಮಡಚಿಕೊಂಡು, "ತಪ್ಪು ತಿಳೀಬೇಡಿ ಸರ್, ಮಕ್ಕಳಿಗೆ ಕೊಟ್ರೆ ನಮ್ಮ ಕೆಲಸ ಹೋಗುತ್ತೆ" ಎಂದ. ನಾನು ಗುರುತಿನ ಚೀಟಿ ತೆಗೆದು ಅವನ ಮೂಗಿಗೆ ಹಿಡಿದೆ. ಅಜ್ಜಿ ಸ್ಕ್ವಿಡ್ಡಿನಿಂದ ನನ್ನ ಕೈಗೆ ಒಂದೇಟು ಹಾಕಿದಳು.

"ದೊಡ್ಡೋನಾದ್ರೆ ಚೆಂಡು ಕೊಡು, ಬಿಯರ್ ಕುಡಿ. ಮಗುವಾದ್ರೆ ಚೆಂಡು ಇಟ್ಕೋ, ತೆಪ್ಪಗೆ ಕೂತ್ಕೋ. ಯಾವುದೋ?"

ನಾನು ಸೋಲುವವನೇ? ಚೆಂಡನ್ನು ಎದೆಗೆ ಅವಚಿಕೊಂಡು ತೆಪ್ಪಗೆ ಕೂತೆ. ಬಿಯರಿನ ಪೀಪಾಯಿ ಮೆಟ್ಟಿಲು ಹತ್ತಿ ಮರೆಯಾಯಿತು.

ಮಾಲ್ಸುನ್ ಎದ್ದು ಹೋಗಿ ಬಾಳೆಹಣ್ಣಿನ ಹಾಲಿನ ಡಬ್ಬಿ ತಂದಳು. ತಾನೇ ಸ್ಟ್ರಾ ಚುಚ್ಚಿ, ನನ್ನ ತುಟಿಗೆ ಹಿಡಿದು, ನನ್ನ ತಲೆಯ ಮೇಲಿನ ಚೀಲವನ್ನು ಬಿಚ್ಚಿ ಕುತ್ತಿಗೆಗೆ ಕಟ್ಟಿದಳು.

"ಕುಡೀರಿ. ಅಂಗಿ ಮೇಲೆ ಚೆಲ್ಕೊಂಡ್ರೆ ನೋಡಿ ಮತ್ತೆ."