ಹೊಲಿಗೆ ಮಿಷನ್ನಿಗೆ ಹೋಗಿ ಕ್ಯಾಮೆರಾ ತಂದ ಮಾವ

ನಮ್ಮ ಸೋದರಮಾವನನ್ನು ಯಾವ ಕೆಲಸಕ್ಕೆ ಬೇಕಾದರೂ ಕಳಿಸಬಹುದಿತ್ತು, ಸಾಮಾನು ತರಲು ಮಾತ್ರ ಕಳಿಸುವಂತಿರಲಿಲ್ಲ! ಬೆಲ್ಲ ತರಲು ಹೋದವರು ಬೀಗ ತರುತ್ತಿದ್ದರು. ಬೀಗ ಯಾಕೆ ಎಂದರೆ, "ಬೆಲ್ಲ ಇಡಾಕೆ ಪೆಟ್ಟಿಗೆ ಬೇಡ್ವೇನ್ಲಾ? ಪೆಟ್ಟಿಗೆಗೆ ಬೀಗ ಬೇಡ್ವಾ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಹಾಗಾದರೆ ಬೆಲ್ಲ ಎಲ್ಲಿ ಎಂದು ಮರುಪ್ರಶ್ನೆ ಹಾಕುವ ಧೈರ್ಯ ಇದ್ದದ್ದು ಅವರ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ ಮಾತ್ರ.

ಇದು ಎಪ್ಪತ್ತರ ದಶಕದ ಮಾತು. ನಾನಾಗ ಮಂಡ್ಯದಲ್ಲಿ ಓದುತ್ತಿದ್ದೆ. ರಜೆ ಬಂತೆಂದರೆ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಆತಗೂರಿನ ಪಕ್ಕದಲ್ಲಿದ್ದ ಮಾವನ ಹಳ್ಳಿಗೆ ಓಡುತ್ತಿದ್ದೆ. ಮಾವನಿಗೆ ಗದ್ದೆಯಿತ್ತು, ಕಬ್ಬಿತ್ತು, ಬಾಯಂತೂ ಇದ್ದೇ ಇತ್ತು. ಅತ್ತೆ ಮದುವೆಯಾಗಿ ಬಂದಾಗಿನಿಂದ ಕೇಳಿದ್ದು ಒಂದೇ ಒಂದು, ಹೊಲಿಗೆ ಮಿಷನ್ನು. ಅಲ್ಲಿಯವರೆಗೂ ಅವರು ಸೂಜಿ ದಾರ ಹಿಡಿದು ಕೈಯಲ್ಲೇ ರವಿಕೆ ಹೊಲಿಯುತ್ತಿದ್ದರು. ಹಾಲು, ಕೋಳಿಮೊಟ್ಟೆ ಮಾರಿದ ಕಾಸನ್ನು ಮಿಷನ್ನಿಗೆಂದೇ ಕೂಡಿಡುತ್ತಿದ್ದರು.

ಹೀಗಿರುವಾಗ ಮಳವಳ್ಳಿ ಕಡೆಯಿಂದ ಒಂದು ಸುದ್ದಿ ಬಂತು. ಶಿಂಷಾದ ಕರೆಂಟು ಕಾಲೊನಿಯಲ್ಲಿ ಎಂಜಿನಿಯರೊಬ್ಬರು ನಿವೃತ್ತರಾಗಿ ಊರು ಬಿಡುತ್ತಿದ್ದಾರಂತೆ, ಮನೆ ಸಾಮಾನೆಲ್ಲ ಮಾರುತ್ತಿದ್ದಾರಂತೆ, ಅದರಲ್ಲಿ ಹೊಲಿಗೆ ಮಿಷನ್ನೂ ಇದೆಯಂತೆ! ಅತ್ತೆ ಕೂಡಿಟ್ಟ ಗಂಟನ್ನು ಮಾವನ ಜೇಬಿಗೆ ಹಾಕಿ, ಜೇಬಿನ ಬಾಯಿಗೆ ಪಿನ್ನು ಚುಚ್ಚಿ, "ಮಿಷನ್ನು. ಬೇರೇದಲ್ಲ. ಮಿಷನ್ನು" ಎಂದು ಮಂತ್ರೋಪದೇಶ ಮಾಡಿ ಕಳಿಸಿದರು.

ಸಂಜೆ ಮಾವ ಬರುವಷ್ಟರಲ್ಲಿ ಅತ್ತೆ ಕಿಟಕಿ ಪಕ್ಕದ ರಾಗಿ ಮೂಟೆಗಳನ್ನು ಅತ್ತ ಸರಿಸಿ, ನೆಲ ಸಾರಿಸಿ, ಮಿಷನ್ನಿನ ಪೂಜೆಗೆ ಕನಕಾಂಬರ ಕಟ್ಟಿಟ್ಟಿದ್ದರು. ಮಾವ ಬಂದರು. ಕೊರಳಲ್ಲಿ ಒಂದು ಕಪ್ಪು ಪೆಟ್ಟಿಗೆ ನೇತಾಡುತ್ತಿತ್ತು.

"ಮಿಷನ್ ಎಲ್ರೀ?"

"ಅದ್ರಪ್ಪನಂತಾದ್ದು ತಂದಿವ್ನಿ ಕಣಮ್ಮಿ! ಆಗಿಂದಾಗ್ಲೇ ಪಟ ಕೊಡೋ ಕ್ಯಾಮೆರಾ! ಫಾರಿನ್ದು!"

ಅತ್ತೆ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು. "ಇದು ರವಿಕೆ ಒಲೀತದಾ?"

ಅತ್ತೆ ಕನಕಾಂಬರದ ಮಾಲೆಯನ್ನು ಎಮ್ಮೆಯ ಕೊಂಬಿಗೆ ಸುತ್ತಿ ಒಳಗೆ ಹೋದರು.

ಎಂಜಿನಿಯರ ಮಗ ಯಾವ ಕಾಲದಲ್ಲೋ ವಿದೇಶದಿಂದ ತಂದಿದ್ದ ಹಳೆಯ ಕ್ಯಾಮೆರಾ ಅದು. ಗುಂಡಿ ಒತ್ತಬೇಕು, ಬಾಲದಂಥ ಕಾಗದ ಹಿಡಿದು ಎಳೆಯಬೇಕು, ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು ಕಾಯಬೇಕು, ಆಮೇಲೆ ಮೇಲಿನ ಪದರ ಸುಲಿದರೆ ಕಪ್ಪು ಬಿಳುಪಿನ ಪಟ ಸಿದ್ಧ! ಅದರ ಜೊತೆ ಒಂದಷ್ಟು ಹಾಳೆಯ ಡಬ್ಬಿಗಳನ್ನೂ, ಪ್ರತಿ ಡಬ್ಬಿಯಲ್ಲಿ ಹುಳಿ ವಾಸನೆಯ ಔಷಧಿಯಲ್ಲಿ ಅದ್ದಿಟ್ಟ ಒಂದು ಸ್ಪಂಜಿನ ಕಡ್ಡಿಯನ್ನೂ ಕೊಟ್ಟಿದ್ದರು. ಆ ಕಡ್ಡಿ ಯಾಕೆಂದು ಎಂಜಿನಿಯರು ವಿವರವಾಗಿಯೇ ಹೇಳಿದ್ದರಂತೆ. ಮಾವ ತಲೆಯನ್ನೂ ಆಡಿಸಿದ್ದರಂತೆ. ಹೊಸ ಆಟಿಕೆ ಕೈಗೆ ಬಂದ ಮೇಲೆ ಯಾರಾದರೂ ಉಪದೇಶ ಕೇಳುತ್ತಾರೆಯೇ? ಮಾವ ಆ ಕಡ್ಡಿಯಿಂದ ದಿನಾ ಕ್ಯಾಮೆರಾದ ಮೈ ಉಜ್ಜುತ್ತಿದ್ದರು. ಪೆಟ್ಟಿಗೆ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು.

ಮಾವನ ಕೀರ್ತಿ ಸೋಮನಹಳ್ಳಿವರೆಗೂ ಹಬ್ಬಿತು. ಕೂಸುಗಳು, ಅಜ್ಜಂದಿರು, ಹೊಸ ಜೋಡಿಗಳು ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ಮಾವ ಪದರ ಸುಲಿದಾಗಲೆಲ್ಲ ಜನ "ಓ!" ಎನ್ನುತ್ತಿದ್ದರು. ಕ್ಯಾಮೆರಾ ಮುಂದೆ ನಿಲ್ಲದೆ ಉಳಿದವರು ಇಡೀ ಊರಿಗೆ ಅತ್ತೆ ಒಬ್ಬರೇ. ಮಾವ ಎಷ್ಟು ಗೋಗರೆದರೂ ಅಷ್ಟೇ. "ಮಿಷನ್ನು ಬರ್ಲಿ, ಆಮೇಕೆ ಪಟ" ಎಂದು ಶಪಥ ಮಾಡಿಬಿಟ್ಟಿದ್ದರು. ಊಟಕ್ಕೆ ಕೂತ ಮಾವ ಇನ್ನೊಂದು ಮುದ್ದೆ ಕೇಳಿದರೆ, "ಆಗಿನ್ ಮುದ್ದೆದು ಪಟ ತಗ್ದಿದ್ರೆ ಅದನ್ನೇ ಉಣ್ಬೋದಾಗಿತ್ತಲ್ಲ!" ಎನ್ನುತ್ತಿದ್ದರು.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಊರ ಪಟೇಲರು ಪಟ ಹಿಡಿದುಕೊಂಡು ಬಂದರು. ಅವರ ಹಿಂದೆ ಅರ್ಧ ಊರು.

"ಲೇ, ನಾನೆಲ್ಲೋ ಇದ್ರಲ್ಲಿ?"

ನೋಡಿದರೆ ಪಟೇಲರು ಮಾಯ! ಅವರು ನಿಂತಿದ್ದ ಜಾಗದಲ್ಲಿ ಮಜ್ಜಿಗೆ ಚೆಲ್ಲಿದಂಥ ಬಿಳುಪು. ಪಕ್ಕದಲ್ಲಿದ್ದ ಅವರ ಎತ್ತು ಮಾತ್ರ ಕೊಂಬು, ಗಂಟೆ ಸಮೇತ ಗಟ್ಟಿಯಾಗಿ ನಿಂತಿತ್ತು. ಹಿಂದೆ ಬಂದವರ ಪಟಗಳಲ್ಲೂ ಮುಖಗಳು ಮಾಸಿ ಮಾಸಿ ಹೊರಡಲು ಸಿದ್ಧವಾಗಿದ್ದವು. "ಪಟದಿಂದ್ಲೇ ಒಂಟೋದೋರು ಊರಲ್ಲಿ ಎಷ್ಟು ದಿನ ಇದ್ದಾರು?" ಎಂದು ಮುದುಕಿಯೊಬ್ಬಳು ಅಳುವುದಕ್ಕೇ ಶುರುಮಾಡಿದಳು. ಪಟೇಲರು ತಮ್ಮ ಕೈ ತಾವೇ ಹಿಡಿದು ನಾಡಿ ನೋಡಿಕೊಂಡರು.

ಎತ್ತು ಯಾಕೆ ಉಳಿಯಿತು? ಮಾವ ಜಗಲಿಯ ಮೇಲೆ ತಲೆ ಹಿಡಿದು ಕೂತು ಯೋಚಿಸಿದರು. ಹೊಳೆಯಿತು! ಅವತ್ತು ಪಟದಲ್ಲಿ ಎತ್ತಿನ ಮೇಲೆ ಧೂಳು ಕೂತಿತ್ತೆಂದು ಅದೇ ಸ್ಪಂಜಿನ ಕಡ್ಡಿಯಿಂದ ಅಷ್ಟು ಜಾಗವನ್ನು ಒರೆಸಿದ್ದರು. ಆ ಔಷಧಿ ಹಚ್ಚಬೇಕಾಗಿದ್ದದ್ದು ಪಟಕ್ಕೆ! ಹಚ್ಚಿದರೆ ಮುಖ ನಿಲ್ಲುತ್ತದೆ, ಇಲ್ಲದಿದ್ದರೆ ಹಾರಿಹೋಗುತ್ತದೆ.

"ಅಂದ್ರೆ ಎತ್ಗಿರೋ ಮರ್ವಾದೆ ನನಗಿಲ್ಲ" ಎಂದು ಪಟೇಲರು ಎದ್ದು ಹೋದರು. ಬಹಳ ದಿನ ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ಮಾವನಿಗೆ ಪಶ್ಚಾತ್ತಾಪ ಶುರುವಾಗಿದ್ದು ಆಗ. ಕ್ಯಾಮೆರಾವನ್ನು ಹೇಗಾದರೂ ಮಾರಿ ಅತ್ತೆಗೆ ಮಿಷನ್ನು ತರಬೇಕೆಂದು ನನ್ನನ್ನೂ ಕರೆದುಕೊಂಡು ಮಂಡ್ಯದ ಒಂದು ಸ್ಟುಡಿಯೋಗೆ ಬಂದರು. ಸ್ಟುಡಿಯೋದವರು ಅದನ್ನು ತಿರುಗಿಸಿ ನೋಡಿ, "ಇದರ ಹಾಳೆ ಎಲ್ಲಿ ಸಿಗುತ್ತೆ ಯಜಮಾನ್ರೇ?" ಎಂದರು. ಎಲ್ಲಿಯೂ ಸಿಗುತ್ತಿರಲಿಲ್ಲ. ಮಾವನ ಹತ್ತಿರ ಉಳಿದಿದ್ದದ್ದು ಒಂದೇ ಹಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, "ಅವಳು ಬಾಯ್ಬುಟ್ಟು ಕೇಳಿದ್ದು ಒಂದೇ ಕಣ್ಲಾ. ಅದನ್ನೂ ಕೆಡಿಸ್ಬುಟ್ಟೆ" ಎಂದರು. ಮಾವನ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಪಾಪ ಅನಿಸಿತು.

ಆ ಬೇಸಗೆಯಲ್ಲಿ ಮನೆಯವರೆಲ್ಲ ಮುತ್ತತ್ತಿಗೆ ಹೋದೆವು. ಹರಕೆ ತೀರಿಸಿ, ಹೊಳೆ ದಡದಲ್ಲೇ ಅಡುಗೆ ಮಾಡಿ ಜನಕ್ಕೆ ಊಟ ಹಾಕುವುದಿತ್ತು. ಅತ್ತೆ ಕಾವೇರಿಯಲ್ಲಿ ಮಿಂದು, ಒದ್ದೆ ಕೂದಲಿಗೆ ತುದಿಗಂಟು ಹಾಕಿ, ಕಲ್ಲಿನ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಮಾವ ಮರದ ಮರೆಯಿಂದ ಗುಂಡಿ ಒತ್ತಿಯೇಬಿಟ್ಟರು! ಅತ್ತೆ ಕಾಳಿನ ಪಾತ್ರೆಯನ್ನು ಎಸೆಯುವುದೊಂದು ಬಾಕಿ. ಮಾವ ಬೈಗುಳ ಕೇಳುತ್ತಲೇ ಪದರ ಸುಲಿದು, ಈ ಸಲ ಔಷಧಿಯನ್ನು ಅಂಚಿಂದ ಅಂಚಿಗೆ ಹಚ್ಚಿ, ಆರಿಸಿ, ಮೆಲ್ಲಗೆ ಅತ್ತೆಯ ಮಡಿಲಲ್ಲಿಟ್ಟರು.

ಅತ್ತೆಯ ಬೈಗುಳ ನಿಂತಿತು. ಅವರ ಮನೆಯಲ್ಲಿದ್ದದ್ದು ಕುಂಕುಮ ಇಟ್ಟುಕೊಳ್ಳುವಷ್ಟು ಕನ್ನಡಿ, ಹಣೆ ಕಂಡರೆ ಗಲ್ಲ ಕಾಣುತ್ತಿರಲಿಲ್ಲ. ತಮ್ಮ ಮುಖವನ್ನು ಇಡಿಯಾಗಿ ಅವರು ನೋಡಿದ್ದೇ ಇರಲಿಲ್ಲ. ಬಹಳ ಹೊತ್ತು ನೋಡಿ, ಅಡುಗೆಯ ಹೊಗೆ ಕಣ್ಣಿಗೆ ಬಂತೆಂಬಂತೆ ಸೆರಗಿನಿಂದ ಒರೆಸಿಕೊಂಡು, ಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ದಿನ ಮಿಷನ್ನಿನ ಮಾತೇ ಬರಲಿಲ್ಲ. ಮಾವನಿಗೆ ಬೈಗುಳಕ್ಕಿಂತ ಅದರಿಂದಲೇ ಹೆಚ್ಚು ಭಯವಾಯಿತು.

ಪಿತೃಪಕ್ಷ ಬಂತು. ನಮ್ಮ ಕಡೆ ಹಿರಿಯರ ಪಟಗಳನ್ನು ಗೋಡೆಗೆ ಒರಗಿಸಿ, ಹೊಸ ಬಟ್ಟೆಯಿಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಅತ್ತೆಯ ತವರಿನಲ್ಲಿ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಅವರ ಅವ್ವನ ಎಡೆಯೂ ಇಲ್ಲೇ. ಆದರೆ ಅತ್ತೆಯ ಮದುವೆಯ ವರ್ಷವೇ ತೀರಿಕೊಂಡ ಆ ತಾಯಿಯದೊಂದು ಪಟವಿರಲಿಲ್ಲ. ಮಗಳದ್ದು ಅವ್ವನದೇ ಅಚ್ಚು ಎಂದು ತವರಿನ ಕಡೆಯವರು ಹೇಳುತ್ತಿದ್ದರು, ಅಷ್ಟೇ. ಪ್ರತಿ ವರ್ಷ ಸೀರೆಯ ಹಿಂದೆ ಬರೀ ಗೋಡೆ.

ಆ ವರ್ಷ ಸೀರೆಯ ಮೇಲೆ ಮುತ್ತತ್ತಿಯಲ್ಲಿ ತೆಗೆದ ಅತ್ತೆಯ ಪಟ ಕೂತಿತ್ತು. ಹಣೆಗೆ ಕುಂಕುಮ, ಸುತ್ತ ಹೂವಿನ ಹಾರ. ಮಾವ ಗಾಬರಿಯಾಗಿ, "ಬದುಕಿರೋಳ ಪಟಕ್ಕೆ ಆರ ಆಕ್ತಾರಾ? ತಗಿ ಅಮ್ಮಿ!" ಎಂದರು.

ಅತ್ತೆ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು. "ಮೆತ್ತಗೆ ಮಾತಾಡಿ. ನಮ್ಮವ್ವ ಉಣ್ಣಾಕೆ ಕುಂತವಳೆ."

ಯಾವ ಮಾತಿಗೂ ಎದುರುತ್ತರ ಕೊಡುತ್ತಿದ್ದ ಮಾವ ಒಂದು ಗಳಿಗೆ ಹೆಂಡತಿಯನ್ನು ನೋಡಿದರು, ಒಂದು ಗಳಿಗೆ ಪಟವನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಆ ಪಟದ ಮುಂದೆ ಉದ್ದಕ್ಕೂ ಅಡ್ಡಬಿದ್ದರು.