ಕಳ್ಳ ಸಾಧುವಾದ ಇನ್ನೂರು ಪ್ರತಿಗಳು

ಇನ್ನೂರು ಪ್ರತಿ, ಅರ್ಧ ದರ, ಒಂದನ್ನೂ ವಾಪಸ್ ತಗೊಳ್ಳುವುದಿಲ್ಲ. ಎಪ್ಪತ್ತರ ದಶಕದ ಕೊನೆಗೆ ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಜತೆ ನಾನು ಕುದುರಿಸಿದ ಸೌದಾ ಇದು. ಶಿಗ್ಗಾವಿಯಲ್ಲಿ ನನ್ನದು ಪಾಟಿ, ಪುಸ್ತಕದ ಅಂಗಡಿ. ಸುತ್ತಲಿನ ಸಂತೆಗಳಿಗೂ ಗಂಟು ಕಟ್ಟಿಕೊಂಡು ಹೋಗುತ್ತಿದ್ದೆ. ಈ ದಂಧೆಯಲ್ಲಿ ಗಿರಾಕಿ ಬಾರದ ದಿನ ಇರುತ್ತದೆ, ಮುಂದೆ ಹೇಳುವಂಥ ಪ್ರಸಂಗ ಬಾರದ ದಿನ ಇರುವುದಿಲ್ಲ.

ಮಾಲು ಒಂದು ಚಿತ್ರಕಥೆಯ ಪುಸ್ತಕ. ದರೋಡೆಕೋರನೊಬ್ಬ ತಪ್ಪರಿತು ಸಾಧುವಾಗುವ ಹಳೆಯ ಕಥೆಯನ್ನೇ ಬಣ್ಣದ ಚಿತ್ರಗಳಲ್ಲಿ ಹೊಸದಾಗಿ ತೆಗೆದಿದ್ದರು. ಹಳೆಯ ಪುಸ್ತಕದಲ್ಲಿ ದರೋಡೆ ಹತ್ತು ಪುಟ, ಪಶ್ಚಾತ್ತಾಪ ನೂರು ಪುಟ. ಹೊಸದರಲ್ಲಿ ದರೋಡೆ ಮೂವತ್ತು ಪುಟ, ಪಶ್ಚಾತ್ತಾಪ ಒಂದೇ. ಇದು ಓಡುತ್ತದೆ ಎಂದುಕೊಂಡು, ಜೂನಿಗೆ ನೋಟ್‌ಬುಕ್ ತರಲು ಇಟ್ಟಿದ್ದ ದುಡ್ಡನ್ನೆಲ್ಲ ಇದಕ್ಕೇ ಸುರಿದೆ. ಶಾಲೆ ಸುರುವಾಗುವುದರೊಳಗೆ ಇವು ಖರ್ಚಾಗದಿದ್ದರೆ ಆ ವರ್ಷದ ವ್ಯಾಪಾರ ಹೋದಂತೆಯೇ.

ಮೀಸೆ

ಮೊದಲ ಗಿರಾಕಿ ಹಾನಗಲ್ಲಿನ ಕಟಿಂಗ್ ಅಂಗಡಿಯವನು. ಪುಸ್ತಕ ಬಿಚ್ಚಿ ಎರಡು ಹಾಳೆಗಳನ್ನು ಕನ್ನಡಿಯ ಎರಡು ಬದಿಗೆ ಅಂಟಿಸಿದ. ಒಂದು ಕಡೆ ಹುರಿಮೀಸೆಯ ದರೋಡೆಕೋರ, ಇನ್ನೊಂದು ಕಡೆ ತಲೆ, ಮೀಸೆ ಎರಡೂ ಬೋಳಿಸಿಕೊಂಡ ಸಾಧು. ತಿಂಗಳು ಬಿಟ್ಟು ಹೋದಾಗ, ಮಂದಿಗೆ ಕಥೆ ಹಿಡಿಸಿತೇ ಎಂದು ಕೇಳಿದೆ.

“ಭಾಳ ಹಿಡಿಸೇತ್ರಿ. ದಿನಾ ನಾಕು ಮಂದಿಗೆ ಆ ಮೀಸಿ ತಿದ್ದಾಕತ್ತೇನಿ.”

ನಾನು ಸಾಧುವಿನ ಕಡೆ ಕೈ ತೋರಿಸಿದೆ.

“ಅದನ್ನ ಒಬ್ಬಾಂವ ಕೇಳಿದ್ನರಿ. ಅವರಪ್ಪ ತೀರಿಕೊಂಡಿದ್ರು.”

ಹೊಗೆ

ಹಿರೇಕೆರೂರು ಸಂತೆಗೆ ಚಿಕ್ಕೇರೂರಿನ ಅಜ್ಜಿಯೊಬ್ಬಳು ಬರುತ್ತಿದ್ದಳು. ಓದು ಬಾರದು, ಆದರೆ ಹಳೆಯ ಪುಸ್ತಕವನ್ನು ಮಕ್ಕಳಿಂದ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ಹೊಸದನ್ನು ಕೊಂಡ ಎಂಟೇ ದಿನಕ್ಕೆ ತಂದು ನನ್ನ ಮುಂದೆ ಒಗೆದಳು. ಪಶ್ಚಾತ್ತಾಪದ ಆ ಒಂದು ಪುಟದಲ್ಲಿ ಅವನು ಮರದ ಬುಡಕ್ಕೆ ಕುಳಿತು ಮನಸ್ಸಿನಲ್ಲೇ ನೊಂದುಕೊಳ್ಳುತ್ತಾನೆ. ಮನಸ್ಸಿನ ಮಾತೆಂದು ತಿಳಿಯಲಿ ಎಂದು ಚಿತ್ರ ಬರೆದವನು ತಲೆಯಿಂದ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ಮೇಲೊಂದು ಮೋಡ ಮಾಡಿ ಅದರೊಳಗೆ ಅಕ್ಷರ ತುಂಬಿದ್ದ.

“ಹಳೇ ಪುಸ್ತಕದಾಗ ಈ ಮರದ ಬುಡಕ ಕುಂತು ಎಷ್ಟ ಅತ್ತಿದ್ದ ಪಾಪ. ನೀ ಅವಗ ಬೀಡಿ ಸೇದಾಕ ಹಚ್ಚೀಯಲ್ಲೋ ತಮ್ಮಾ.”

ಅದು ಹೊಗೆಯಲ್ಲ, ಅವನ ವಿಚಾರ ಎಂದು ಬಿಡಿಸಿ ಹೇಳಿದೆ. ಅಜ್ಜಿ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ವಿಚಾರ ಆದ್ರ ಹಿಂಗ ಹಾರಿ ಹೋಗಾಕತ್ತೇತಿ ಯಾಕ?”

ಬಲಗಡೆಯಿಂದ

ಶಾಲೆಗೆ ಹದಿನೈದು ದಿನ ಉಳಿದಿತ್ತು, ಗಂಟಿನಲ್ಲಿ ನೂರಾ ಮೂವತ್ತು ಪ್ರತಿ ಉಳಿದಿದ್ದವು. ಸವಣೂರು ಸಂತೆಯಲ್ಲಿ ಚಹಾದಂಗಡಿ ಪಕ್ಕಕ್ಕೆ ಹಾಸಿಕೊಂಡು ಕುಳಿತಿದ್ದೆ. ವೀಳ್ಯದೆಲೆ ವ್ಯಾಪಾರದ ಚಾಚಾ ಬಂದು ಒಂದು ಪ್ರತಿ ಎತ್ತಿಕೊಂಡರು. ಅವರು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತು ಅರಳು ಹುರಿದಂತೆ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಪುಸ್ತಕವೆಂದರೆ ಬಲಗಡೆಯಿಂದ ತೆರೆಯುವುದು ಅವರ ಕೈಗೆ ರೂಢಿ. ನಮ್ಮ ಕೊನೆಯ ಪುಟದಿಂದ ಸುರು ಮಾಡಿ ಮೊದಲ ಪುಟದ ತನಕ ಚಿತ್ರಗಳನ್ನೆಲ್ಲ ನೋಡಿ, ಚಹಾ ಕುಡಿಯುತ್ತಿದ್ದವರಿಗೆ ಕಥೆ ಹೇಳತೊಡಗಿದರು.

“ಒಬ್ಬ ಫಕೀರ ಇದ್ದ. ಮಂದಿ ಬಂದ ಬಂದ ಕಾಲಿಗೆ ಬೀಳ್ತಿದ್ರು. ಒಂದಿನ ಮರದ ಬುಡಕ ಕುಂತು ವಿಚಾರ ಮಾಡಿದ. ತಲಿಗೂದ್ಲಾ ಬಂದ್ವು, ಮೀಸಿ ಬಂತು, ಮೀಸಿ ಹಿಂದ ಸೊಕ್ಕು ಬಂತು. ಕುದರಿ ಏರಿದ, ಊರೂರು ಲೂಟಿ ಹೊಡದ. ಮುಂದ ದೇವರು ಅವನ ವಯಸ್ಸು ಇಳಿಸ್ಕೋತ ಬಂದ. ಕಡೀಕ ಎಲ್ಲಾ ಬಿಟ್ಟು ಅವ್ವನ ತೊಡಿ ಮ್ಯಾಲ ಕೂಸಾಗಿ ಮಲಗಿದ. ಮಾಫಿ ಸಿಕ್ತು.”

ಹತ್ತಿಮತ್ತೂರಿನ ರೈತನೊಬ್ಬ ಚಹಾದ ಬಸಿ ಕೆಳಗಿಟ್ಟ.

“ಈ ಕಥಿ ನಂಬೂ ಹಂಗೈತಿ ಬಿಡ್ರಿ. ಮೀಸಿ ಬಂದ ಮ್ಯಾಲ ಕೆಟ್ಟಾವ್ರನ್ನ ನಾವೂ ಕಂಡೇವಿ.”

ತಿದ್ದೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂರು ಕೈ ಕಿಸೆಗೆ ಹೋದದ್ದು ಕಂಡಿತು. ಬಾಯಿ ಮುಚ್ಚಿಕೊಂಡು ಚಾಚಾಗೆ ಚಹಾ ಹೇಳಿದೆ. ನನ್ನ ಹಾಸಿನ ಮೇಲೇ ಕುಳಿತು ಬಂದವರಿಗೆಲ್ಲ ಇನ್ನೊಮ್ಮೆ ಹೇಳಿರೆಂದು ಕೇಳಿಕೊಂಡೆ. ಎರಡು ಸಂತೆ ಹೇಳಿದರು.

ಇನ್ನೂರಕ್ಕೆ ಇನ್ನೂರೂ ಖರ್ಚಾದವು. ಶಾಲೆ ಸುರುವಾಗುವ ಮೊದಲೇ ನೋಟ್‌ಬುಕ್ ಬಂದವು. ಚಾಚಾ ಹೇಳಿದ ಕಥೆ ಒಳಗಿಲ್ಲ ಎಂದು ತಕರಾರು ತಂದವನು ಒಬ್ಬನೇ. ಅವನು ಮೊದಲ ಪುಟದಿಂದ ಓದಿದ್ದ.