ಎವೆಲಿಯೊನ ಶವಯಾತ್ರೆ ನಿಂತು ನಿಂತು ಸಾಗಿದ್ದು

ಮೆಕ್ಯಾನಿಕ್ ಎವೆಲಿಯೊ ಇನ್ನೊಂದು ವಾರ ತಡೆದು ಸತ್ತಿದ್ದರೆ ಪ್ಲಾಸಿದೊನಿಗೆ ಇಷ್ಟೆಲ್ಲ ಪೇಚಾಟ ಇರುತ್ತಿರಲಿಲ್ಲ.

ಪ್ಲಾಸಿದೊ ಲಾ ಕ್ವೆಸ್ತಾ ಊರಿನ ಏಕೈಕ ಶವದ ಗಾಡಿಯ ಡ್ರೈವರ್. ಪ್ರತಿ ತಿಂಗಳ ಮೊದಲ ಸೋಮವಾರ ಅವನು ಗಾಡಿಯನ್ನು ಎವೆಲಿಯೊನ ಗ್ಯಾರೇಜಿಗೆ ಒಯ್ಯಬೇಕು, ಎವೆಲಿಯೊ ಅದನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿಕೊಳ್ಳಬೇಕು, ಪ್ಲಾಸಿದೊ ಹೊರಗೆ ಬೆಂಚಿನ ಮೇಲೆ ಎರಡು ಲೋಟ ಕಾಫಿ ಕುಡಿಯುತ್ತ ಕೂರಬೇಕು. ಹನ್ನೊಂದು ವರ್ಷದಿಂದ ನಡೆದುಬಂದ ಪದ್ಧತಿ. ಈ ಸಲ ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ, ಗುರುವಾರ ಮಧ್ಯಾಹ್ನ ಹುರಿದ ಹಂದಿಮಾಂಸ ತಿಂದು ಕೈ ತೊಳೆಯಲು ಹೋದ ಎವೆಲಿಯೊ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಗಾಡಿಯ ಕಾಯಿಲೆ ವಿಚಿತ್ರದ್ದು. ಆಕ್ಸಿಲರೇಟರ್ ಒತ್ತಿದರೆ ಹುಚ್ಚುಕುದುರೆಯ ಹಾಗೆ ಓಡುತ್ತಿತ್ತು. ಕಾಲು ತೆಗೆದರೆ ಮಾತ್ರ ಎಂಜಿನ್‌ಗೆ ಬಿಕ್ಕಳಿಕೆ ಹಿಡಿಯುತ್ತಿತ್ತು. ನಾಲ್ಕು ಸಲ ಬಿಕ್ಕಿ ಆಫ್. ಕಾಲು ತೆಗೆದ ಮೇಲೂ ಸಣ್ಣಗೆ ಓಡುತ್ತಿರುವುದು, ಅಂದರೆ ಐಡ್ಲಿಂಗ್, ಅದಕ್ಕೆ ಒಗ್ಗುತ್ತಲೇ ಇರಲಿಲ್ಲ. ಬೇರೆ ಗಾಡಿಗಾದರೆ ಹೇಗೋ ಸುಧಾರಿಸಬಹುದು. ಅಳುತ್ತ ನಡೆಯುವವರ ಮುಂದೆ ಅವರದೇ ವೇಗದಲ್ಲಿ ಹೋಗುವುದೇ ಕಸುಬಾದ ಗಾಡಿಗೆ ಇದು ಸಂಗೀತಗಾರನಿಗೆ ಗಂಟಲು ಕಟ್ಟಿದ ಹಾಗೆ.

ಶವಸಂಸ್ಕಾರದ ಅಂಗಡಿಯ ಒಡತಿ ಲಿಯೊನೊರ್ ಅಮ್ಮ ಶುಕ್ರವಾರ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಹೋದ ತಿಂಗಳ ಕೊನೇಲಿ ನೀನು ಮೇಯರ್ ಅವರ ತಾಯೀನ ಚರ್ಚಿನ ಮುಂದೆ ಮೂರು ಸಲ ನಿಲ್ಲಿಸ್ದೆ. ಸತ್ತೋರಿಗೆ ಅವಸರ ಇಲ್ಲ ಕಣಯ್ಯ, ಆದರೆ ನನಗೆ ಮರ್ಯಾದೆ ಇದೆ. ಇವತ್ತು ಒಂದೇ ಒಂದು ಸಲ ನಿಂತರೂ ನಾಳೆಯಿಂದ ನೀನು ಬರೋದು ಬೇಡ."

"ಅಮ್ಮಾವ್ರೇ, ತಪ್ಪು ನಂದಲ್ಲ, ಎಂಜಿನ್ದು."

"ಎಂಜಿನ್ನ ಕೆಲಸದಿಂದ ತೆಗೆಯಕ್ಕಾಗತ್ತಾ?"

ಪ್ಲಾಸಿದೊ ಗಾಡಿಯ ಗಾಜು ಒರೆಸತೊಡಗಿದ. ಐವತ್ಮೂರು ವರ್ಷದ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಚರ್ಚಿನಲ್ಲಿ ಪೂಜೆ ಮುಗಿಯಿತು. ಪೆಟ್ಟಿಗೆ ಗಾಡಿಯೇರಿತು. ಹಿಂದೆ ಕಪ್ಪು ಬಟ್ಟೆಯ ವಿಧವೆ ಫಿಲೊಮೆನಾ, ಅವಳ ಪಕ್ಕ ಪಾದ್ರಿ ಉರ್ಬಾನೊ, ಆಮೇಲೆ ಲಿಯೊನೊರ್ ಅಮ್ಮ, ಏಳು ಜನರ ಬ್ಯಾಂಡು, ಕೊನೆಗೆ ರುವಾನಾ ಎಂಬ ಉಣ್ಣೆಯ ಹೊದಿಕೆ ಹೊದ್ದ ಇಡೀ ಊರು. ಪ್ಲಾಸಿದೊ ಶಿಲುಬೆಯ ಗುರುತು ಮಾಡಿಕೊಂಡು ಗಾಡಿ ಹೊರಡಿಸಿದ. ಬ್ಯಾಂಡಿನವರು ಶೋಕದ ರಾಗ ಎತ್ತಿದರು. ಅವರು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಎಂಜಿನ್ ನಾಲ್ಕು ಸಲ ಬಿಕ್ಕಿ ಸುಮ್ಮನಾಯಿತು.

ಮೆಕ್ಯಾನಿಕ್ ಬದುಕಿರುವಷ್ಟು ದಿನ ಲಾ ಕ್ವೆಸ್ತಾದಲ್ಲಿ ಯಾರಿಗೂ ಸ್ಪ್ಯಾನರ್ ಹಿಡಿಯುವುದು ಗೊತ್ತಿರಲಿಲ್ಲ. ಅವನು ಪೆಟ್ಟಿಗೆಯೊಳಗೆ ಮಲಗಿದ್ದೇ ತಡ, ಊರ ತುಂಬ ಮೆಕ್ಯಾನಿಕ್‌ಗಳು ಹುಟ್ಟಿಕೊಂಡರು. ಮೊದಲು ನುಗ್ಗಿದವನು ಹಾಲಿನ ಲಾರಿಯ ರಮೀರೊ.

"ಲೋ ಪ್ಲಾಸಿದೊ, ಬಾನೆಟ್ ಎತ್ತೋ. ಇದು ಸ್ಲೋ ಜೆಟ್ ಕಣೋ, ಪೆಟ್ರೋಲ್ ಹೋಗೋ ಸಣ್ಣ ಕೊಳವೆ. ಕಸ ಕೂತಿದೆ."

"ನೋಡಪ್ಪ, ಜೋಪಾನ..."

"ನಂಗೆ ಹೇಳ್ತೀಯಾ? ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಿದೀನಿ."

ರಮೀರೊ ಕಾರ್ಬೊರೇಟರ್‌ನಿಂದ ಜೆಟ್ ಬಿಚ್ಚಿ, ಬಾಯಲ್ಲಿಟ್ಟು ಊದಿದ. ಊದುವುದಕ್ಕಿಂತ ಹೆಚ್ಚಾಗಿ ಹೀರಿದನೆಂದು ಕಾಣುತ್ತದೆ; ಪೆಟ್ರೋಲ್ ಗಂಟಲಿಗಿಳಿದು ಪಾದ್ರಿಯ ಎದುರೇ ಬರೆಯಲಾಗದಂಥ ಮಾತೊಂದನ್ನು ಆಡಿದ. ಜೆಟ್ಟಿನಲ್ಲಿ ಕಸವಿರಲಿಲ್ಲ. ಸೋತೆ ಎನ್ನಲು ಮನಸ್ಸಾಗದೆ, ಅದನ್ನು ವಾಪಸ್ ಕೂರಿಸಿ, ಐಡ್ಲಿಂಗಿನ ಸ್ಕ್ರೂವನ್ನು ಮೂರು ಸುತ್ತು ಬಿಗಿಮಾಡಿ, "ಈಗ ನಿಂತ್ರೆ ಕೇಳು" ಎಂದ.

ನಿಲ್ಲಲಿಲ್ಲ ನಿಜ. ನಿಲ್ಲಿಸಲೂ ಆಗಲಿಲ್ಲ. ಗಾಡಿ ಮೊದಲನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದಿದ್ದರೂ, ಅಟ್ಟಿಸಿಕೊಂಡು ಬಂದ ಹೇಸರಗತ್ತೆಯಂತೆ ಹೊರಟಿತು. ಪ್ಲಾಸಿದೊ ಬ್ರೇಕಿನ ಮೇಲೆ ಹೆಚ್ಚುಕಮ್ಮಿ ನಿಂತೇಬಿಟ್ಟ. ವಿಧವೆ ಲಂಗ ಎತ್ತಿಕೊಂಡು ಓಡಿದಳು. ಪಾದ್ರಿ ಓಡಿದರು. ಬ್ಯಾಂಡಿನವರು ಓಡುತ್ತ ಬಾರಿಸಿದ್ದರಿಂದ ಶೋಕದ ರಾಗ ಮದುವೆಯ ಕುಣಿತದ ಧಾಟಿಗೆ ತಿರುಗಿತು; ಪಕ್ಕದ ಬೀದಿಯ ಇಬ್ಬರು ಯಾರದೋ ದಿಬ್ಬಣವೆಂದುಕೊಂಡು ಚಪ್ಪಾಳೆ ತಟ್ಟುತ್ತ ಬಂದು ಸೇರಿಕೊಂಡರು.

"ನಿಲ್ಲಿಸಯ್ಯಾ!" ಲಿಯೊನೊರ್ ಅಮ್ಮ ಏದುಸಿರು ಬಿಡುತ್ತ ಕೂಗಿದಳು.

"ನಿಲ್ಲಿಸ್ಬೇಡ ಅಂದಿದ್ರಲ್ಲಾ ಅಮ್ಮಾವ್ರೇ!"

ಚೌಕದ ಮೂಲೆಯಲ್ಲಿ ಸುಟ್ಟ ಬ್ರೇಕಿನ ವಾಸನೆಯ ಮಧ್ಯೆ ಅವನೇ ಕೀ ತಿರುಗಿಸಿ ಆಫ್ ಮಾಡಿದ. ಈ ಸಲ ಬಂದವನು ಔಷಧಿ ಅಂಗಡಿಯ ಒಕ್ತಾವಿಯೊ. ಇಂಜೆಕ್ಷನ್ ಕೊಡುತ್ತಾನೆಂಬ ಒಂದೇ ಕಾರಣಕ್ಕೆ ಊರವರೆಲ್ಲ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಅವನೂ ಬೇಡ ಎನ್ನುತ್ತಿರಲಿಲ್ಲ. ಕೊರಳಿನ ಸ್ಟೆತಾಸ್ಕೋಪ್ ತೆಗೆದು ಎಂಜಿನ್ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದ.

"ಉಬ್ಬಸ," ಎಂದ. "ಉಸಿರು ಸಾಲ್ತಿಲ್ಲ. ಏರ್ ಫಿಲ್ಟರ್ ತೆಗೆದುಬಿಡಿ. ಆ ಸ್ಕ್ರೂ ವಾಪಸ್ ಸಡಿಲ ಮಾಡಿ."

"ಡಾಕ್ಟ್ರೇ, ಇದು ಗಾಡಿ," ಎಂದ ರಮೀರೊ, ಇನ್ನೂ ಪೆಟ್ರೋಲ್ ಉಗುಳುತ್ತ.

"ದೇಹ ಯಾವುದಾದರೇನು, ಶ್ವಾಸ ಒಂದೇ."

ಫಿಲ್ಟರ್ ತೆಗೆದರು, ಸ್ಕ್ರೂ ಸಡಿಲಿಸಿದರು, ಸ್ಟಾರ್ಟ್ ಮಾಡಿದರು. ಎಂಜಿನ್ ಒಂದು ಸಲ ಜೋರಾಗಿ ಸೀನಿ, ಒಕ್ತಾವಿಯೊನ ಮೀಸೆಯ ಎಡಭಾಗವನ್ನು ಸುಟ್ಟು, ಆಫ್ ಆಯಿತು. ಪ್ಲಗ್ಗಿನ ತಪ್ಪು ಎಂದು ಒಬ್ಬ, ಪೆಟ್ರೋಲಿಗೆ ನೀರು ಬೆರೆಸಿದ್ದಾರೆ ಎಂದು ಇನ್ನೊಬ್ಬ, ತನ್ನ ಭಾವನ ಟ್ರಾಕ್ಟರಿಗೂ ಹೀಗೇ ಆಗಿ ಕೊನೆಗೆ ಅದನ್ನು ಮಾರಬೇಕಾಯಿತು ಎಂದು ಮತ್ತೊಬ್ಬ. ಪಾದ್ರಿ ಉರ್ಬಾನೊ ತಮ್ಮ ಪಾಲಿನದೂ ಇರಲಿ ಎಂದು ಪವಿತ್ರ ಜಲ ಪ್ರೋಕ್ಷಿಸಿದರು. ಕೈ ತುಸು ಧಾರಾಳವಾಯಿತು. ಪ್ಲಗ್ ವೈರುಗಳೆಲ್ಲ ಒದ್ದೆಯಾಗಿ, ಅಲ್ಲಿಯವರೆಗೆ ಬಿಕ್ಕಳಿಸಲಾದರೂ ಬರುತ್ತಿದ್ದ ಎಂಜಿನ್ ಈಗ ಸ್ಟಾರ್ಟೇ ಆಗದಂತಾಯಿತು.

ಬ್ಯಾಂಡಿನವರು ಸೋಂಪಿನ ಸಾರಾಯಿ ಸಿಗುವ ಬಾಗಿಲಿನತ್ತ ಒಬ್ಬೊಬ್ಬರೇ ಸರಿದರು. "ಹೆಗಲ ಮೇಲೆ ಹೊತ್ಕೊಂಡು ಹೋಗೋಣ," ಎಂದು ಯಾರೋ ಅಂದರು.

"ನನ್ನ ಗಾಡಿ ನಿಂತಿರೋವಾಗ ಹೆಗಲ ಮೇಲಾ? ನಾಳೆಯಿಂದ ಯಾರು ಬರ್ತಾರೆ ನನ್ನ ಅಂಗಡಿಗೆ?" ಲಿಯೊನೊರ್ ಅಮ್ಮ ಪ್ಲಾಸಿದೊನ ಕಡೆ ತಿರುಗಿದಳು. "ನೀನು ನೋಡ್ತಾ ನಿಂತಿದೀಯಲ್ಲ! ಹನ್ನೊಂದು ವರ್ಷ ಆ ಗ್ಯಾರೇಜಿನ ಬಾಗಿಲಲ್ಲಿ ಕೂತು ಏನು ಕಲಿತೆ?"

"ಕಾಫಿ ಕುಡಿಯೋದು," ಎಂದ ರಮೀರೊ. ಶವಯಾತ್ರೆ ನಕ್ಕಿತು. ಪ್ಲಾಸಿದೊನಿಗೆ ಪೆಟ್ಟಿಗೆಯಲ್ಲಿರುವವನ ಮೇಲೆ ಹೊಟ್ಟೆಕಿಚ್ಚಾಯಿತು.

ಆಗ ಫಿಲೊಮೆನಾ ಮುಸುಕು ಸರಿಸಿದಳು. ಕಪ್ಪು ಬಟ್ಟೆಯ ತೋಳುಗಳನ್ನು ಮೊಣಕೈವರೆಗೆ ಮಡಚಿ ಬಾನೆಟ್ಟಿನತ್ತ ಬಂದಳು.

"ಎಲ್ರೂ ಸ್ವಲ್ಪ ದೂರ ನಿಲ್ರಿ. ನಿಮ್ಮ ರಿಪೇರಿ ಸಾಕು."

ವೈರುಗಳನ್ನು ಒಂದೊಂದಾಗಿ ಮುಸುಕಿನಲ್ಲೇ ಒರೆಸಿದಳು. ಫಿಲ್ಟರ್ ಕೂರಿಸಿದಳು. ರಮೀರೊ ತಿರುಗಿಸಿದ್ದು, ಒಕ್ತಾವಿಯೊ ಸಡಿಲ ಮಾಡಿಸಿದ್ದು, ಎಲ್ಲ ಸ್ಕ್ರೂಗಳನ್ನೂ ಕಿವಿಯೋಲೆಯ ತಿರುಪು ಸರಿಮಾಡಿದಷ್ಟೇ ಹಗುರವಾಗಿ ಸರಿಮಾಡಿದಳು. "ಸ್ಟಾರ್ಟ್ ಮಾಡು ಪ್ಲಾಸಿದೊ," ಎಂದಳು. ಎಂಜಿನ್ ಎದ್ದು ಬಿಕ್ಕತೊಡಗಿತು. ಕಾರ್ಬೊರೇಟರ್ ಕೆಳಗಿನ ಒಂದು ರಬ್ಬರ್ ಪೈಪಿನ ಹಿಂಬದಿಗೆ ಹೆಬ್ಬೆರಳು ಒತ್ತಿದಳು. ಬಿಕ್ಕಳಿಕೆ ನಿಂತಿತು. ಬೆರಳು ತೆಗೆದಳು, ಬಿಕ್ಕಿತು. ಒತ್ತಿದಳು, ನಿಂತಿತು.

"ಡಾಕ್ಟ್ರೇ, ಜೇಬಲ್ಲಿ ಪ್ಲಾಸ್ಟರ್ ಪಟ್ಟಿ ಇದ್ರೆ ಕೊಡಿ."

ಒಕ್ತಾವಿಯೊ ಅರ್ಧ ಮೀಸೆ ಮುಚ್ಚಿಕೊಂಡು ಕೊಟ್ಟ. ಅವಳು ಪೈಪಿಗೆ ಎರಡು ಸುತ್ತು ಸುತ್ತಿದಳು. ಎಂಜಿನ್ ಒಲೆಯ ಪಕ್ಕ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

ಗಾಡಿ ಒಮ್ಮೆಯೂ ನಿಲ್ಲದೆ, ಒಮ್ಮೆಯೂ ಓಡದೆ ಸ್ಮಶಾನ ಮುಟ್ಟಿತು. ಸತ್ತ ಗಂಡನ ಕೈಚಳಕ ಹೆಂಡತಿಯ ಕೈಗೆ ಇಳಿದುಬಂದದ್ದು ಪವಾಡವೇ ಸರಿ ಎಂದು ಪಾದ್ರಿ ಗುಂಡಿಯ ಪಕ್ಕ ನಿಂತು ಹೇಳಿದರು. ಗಂಡಸರೆಲ್ಲ ತಲೆದೂಗಿದರು. ಹೆಂಗಸಿಗೆ ಕೆಲಸ ಗೊತ್ತಿದೆ ಎನ್ನುವುದಕ್ಕಿಂತ ಪವಾಡವನ್ನು ನಂಬುವುದು ಅವರಿಗೆ ಸುಲಭವಾಯಿತು.

ಮಣ್ಣು ಮುಚ್ಚಿದ ಮೇಲೆ ಪ್ಲಾಸಿದೊ ಅವಳನ್ನು ಗಾಡಿಯ ಮರೆಗೆ ಕರೆದ. "ಅಕ್ಕಾ, ಎಲ್ಲಿ ಕಲಿತ್ರಿ?"

"ಹನ್ನೊಂದು ವರ್ಷ ಬಾಗಿಲು ಹಾಕ್ಕೊಂಡು ಒಳಗೆ ಯಾರು ಕೆಲಸ ಮಾಡ್ತಿದ್ರು ಅಂದ್ಕೊಂಡೆ? ನಮ್ಮೆಜಮಾನ್ರು ಕೈಗೆ ಗ್ರೀಸ್ ಬಳ್ಕೊಂಡು ಹೊರಗೆ ಬರ್ತಿದ್ರು, ಅಷ್ಟೇ."

"ಮತ್ತೆ ಆ ಪೈಪು?"

"ಸೂಜಿ ತೂತು. ಅದು ಮಾತ್ರ ಅವರ ಸ್ವಂತ ಕೆಲಸ, ಬೇಕಂತಲೇ ಚುಚ್ಚಿದ್ದು. ಅದರೊಳಗೆ ಗಾಳಿ ನುಗ್ಗಿದ್ರೆ ಕಾಲು ತೆಗೆದ ತಕ್ಷಣ ಎಂಜಿನ್ ಆಫ್ ಆಗತ್ತೆ. ನಾವು ಹಚ್ಚೋ ಅಂಟು ಒಂದು ತಿಂಗಳು ಬರ್ತಿತ್ತು. ಹೆಣದ ಗಾಡಿಗೇ ಜೀವ ಕೊಡ್ತಾನೆ ಅಂತ ಜನ ಆಡ್ಕೊಳ್ಳೋದು ಅವರಿಗೆ ಭಾಳ ಇಷ್ಟ." ಅವಳು ಹೊಸ ಮಣ್ಣಿನ ಗುಡ್ಡೆಯತ್ತ ನೋಡಿದಳು. "ಇವತ್ತು ಅವರೇ ಅದರಲ್ಲಿ ನಿಂತು ನಿಂತು ಬಂದ್ರು. ಪಾಪ."

ಪ್ಲಾಸಿದೊನಿಗೆ ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ತಪ್ಪು ತನ್ನದಲ್ಲ! ಅವನು ಅವಳ ಎರಡೂ ಕೈ ಹಿಡಿದುಕೊಂಡ. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಅಮ್ಮಾವ್ರಿಗೆ ಹೇಳಿ. ನನ್ನ ಕೆಲಸ ನಿಮ್ಮ ನಾಲಿಗೆ ಮೇಲಿದೆ."

"ಹೇಳ್ತೀನಿ. ಒಳ್ಳೇವನು ನೀನು."

ಅವಳು ಹೋಗಿ ಲಿಯೊನೊರ್ ಅಮ್ಮನ ಜೊತೆ ಸಮಾಧಿಗಳ ನಡುವೆ ಬಹಳ ಹೊತ್ತು ಮಾತಾಡಿದಳು. ದೂರದಿಂದಲೇ ಲಿಯೊನೊರ್ ಅಮ್ಮನ ಮುಖ ಅರಳುವುದು ಕಂಡು ಪ್ಲಾಸಿದೊ ಅಂಗಿಯ ಕಾಲರ್ ಸರಿಮಾಡಿಕೊಂಡ. ಇಬ್ಬರೂ ನಗುತ್ತ ಬಂದರು.

"ಎಲ್ಲಾ ಹೇಳ್ದೆ," ಎಂದಳು ಫಿಲೊಮೆನಾ. "ನಿನ್ನದು ಏನೂ ತಪ್ಪಿಲ್ಲ ಅಂತ ಅವರೂ ಒಪ್ಪಿದ್ರು. ಕೀ ಕೊಡು."

"ಕೀ?"

"ಡ್ರೈವಿಂಗೂ ಬರತ್ತೆ, ರಿಪೇರಿನೂ ಬರತ್ತೆ," ಎಂದಳು ಲಿಯೊನೊರ್ ಅಮ್ಮ. "ಒಬ್ಬಳೇ ಎರಡೂ ಮಾಡ್ತಾಳಂತೆ. ಇನ್ನು ನಿನಗೆ ಆ ಎಂಜಿನ್ ಕಾಟ ಇಲ್ಲ ಕಣಯ್ಯ. ಆರಾಮಾಗಿರು."

ಫಿಲೊಮೆನಾ ಸ್ಟೀರಿಂಗ್ ಹಿಡಿದು ಕೂತಳು. ಪಕ್ಕದ ಸೀಟಿನ ತುಂಬ ಲಿಯೊನೊರ್ ಅಮ್ಮ ಕೂತಳು. ಮಳೆ ಹನಿಯತೊಡಗಿತ್ತು, ಊರು ಎರಡು ಮೈಲಿ.

"ನಡ್ಕೊಂಡು ಯಾಕೆ ಹೋಗ್ತೀಯ, ಹತ್ತು," ಎಂದು ಫಿಲೊಮೆನಾ ಕಿಟಕಿಯಿಂದ ಕರೆದಳು. "ಮುಂದೆ ಜಾಗ ಇಲ್ಲ. ಹಿಂದೆ ಖಾಲಿ ಇದೆ."

ಪ್ಲಾಸಿದೊ ಹಿಂದೆ ಹತ್ತಿದ. ಕೂರಲು ತಲೆ ತಗಲುತ್ತಿತ್ತು, ಮಲಗಿಕೊಂಡ. ಎಂಜಿನ್ ಒಂದು ಸಲವೂ ಬಿಕ್ಕದೆ, ಜನ ನಡೆಯುವಷ್ಟೇ ನಿಧಾನವಾಗಿ ಗಾಡಿಯನ್ನು ಎಳೆದುಕೊಂಡು ಹೋಯಿತು. ಸಾರಾಯಿ ಅಂಗಡಿಯಿಂದ ಈಗಷ್ಟೇ ಹೊರಬರುತ್ತಿದ್ದ ಬ್ಯಾಂಡಿನವರಿಗೆ ಗಾಡಿ ಸ್ಮಶಾನಕ್ಕೆ ಹೋಗುತ್ತಿದೆಯೋ, ಅಲ್ಲಿಂದ ಬರುತ್ತಿದೆಯೋ ತಿಳಿಯಲಿಲ್ಲ. ಗಾಜಿನೊಳಗೆ ಕಣ್ಣು ಮುಚ್ಚಿ ಮಲಗಿದವನನ್ನು ಕಂಡು ಅವರು ಲಗುಬಗೆಯಿಂದ ಟೋಪಿ ತೆಗೆದರು. ತಮ್ಮ ತಮ್ಮ ವಾದ್ಯ ಎತ್ತಿಕೊಂಡು, ಬಾಕಿ ಉಳಿದಿದ್ದ ರಾಗವನ್ನು ನುಡಿಸುತ್ತ ಗಾಡಿಯ ಹಿಂದೆ ನಡೆದರು.